ಮಾವ ಸುತ್ತಿಟ್ಟ ವೈರುಗಳು

ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ಮಾವ ಮನೆಗೆ ಬಂದಾಗ ಕೈಕಾಲು ಮುಕ್ಕಾಲು ಪಾಲು ಸರಿಯಾಗಿದ್ದವು, ಮಾತು ಮಾತ್ರ ಕಲಸಿಹೋಗಿತ್ತು. ಬಲಗಾಲನ್ನು ತುಸು ಎಳೆದು ಹಾಕುತ್ತಿದ್ದರು, ಬಲಗೈಯ ಹಿಡಿತ ಸ್ವಲ್ಪ ಸಡಿಲ, ಅಷ್ಟೇ. ಆದರೆ ನೀರು ಬೇಕಾದಾಗ ‘ಚಪ್ಪಲಿ’ ಎನ್ನುತ್ತಿದ್ದರು. ಫ್ಯಾನು ಹಾಕಿ ಎನ್ನುವುದಕ್ಕೆ ‘ಮಂಗಳವಾರ’ ಎನ್ನುತ್ತಿದ್ದರು. ಹೆಂಡತಿಯನ್ನು ಕರೆಯಬೇಕಾದರೆ ‘ಸೈಕಲ್’ ಎಂದು ಕೂಗುತ್ತಿದ್ದರು.

“ಮೂವತ್ತಾರು ವರ್ಷ ಸಂಸಾರ ಮಾಡಿದ್ದಕ್ಕೆ ಕೊನೆಗೆ ಸೈಕಲ್ ಆದೆ ನೋಡಮ್ಮ,” ಎಂದು ಅತ್ತೆ ಸೊಸೆಯ ಹತ್ತಿರ ಹೇಳಿ ನಗುತ್ತಿದ್ದರು. ನಕ್ಕ ಮೇಲೆ ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಮಾವ ಧ್ವನಿವರ್ಧಕ ಬಾಡಿಗೆಗೆ ಕೊಡುವ ಕಸುಬಿನವರು. ಸುತ್ತಮುತ್ತಲ ಬೀದಿಗಳಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ, ‘ಮೈಕಿನವರು’ ಎಂದರೆ ಸಾಕಿತ್ತು. ಶಾಲೆಯ ಸಭೆ, ಸಂಘದ ಚುನಾವಣೆ, ಮದುವೆ, ಶೋಕಸಭೆ, ಎಲ್ಲಕ್ಕೂ ಅವರೇ. ಮನೆಯ ಬೀದಿ ಬದಿಯ ಕೋಣೆಗೆ ಶಟರ್ ಹಾಕಿಸಿ ಅದನ್ನೇ ಉಗ್ರಾಣ ಮಾಡಿಕೊಂಡಿದ್ದರು. ಭಾರ ಎತ್ತುವುದಕ್ಕೆ, ಸ್ಪೀಕರುಗಳನ್ನು ಎತ್ತರಕ್ಕೆ ಕಟ್ಟುವುದಕ್ಕೆ ಇಪ್ಪತ್ತು ವರ್ಷದಿಂದ ಒಬ್ಬ ಜೊತೆಗಾರನಿದ್ದ. ಐವತ್ತು ದಾಟಿದ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಮನುಷ್ಯ. ಎಲ್ಲರೂ ಏಣಿಯಣ್ಣ ಎನ್ನುತ್ತಿದ್ದರು. ಏಣಿಯಣ್ಣನಿಗೆ ಸ್ಪೀಕರ್ ಎಂದರೆ ಹತ್ತಿಯ ಮೂಟೆ, ಮೈಕುಗಳ ದನಿ ಹೊಂದಿಸುವ ಮಿಕ್ಸರ್ ಎಂದರೆ ಹಾವು. “ಅಷ್ಟೊಂದು ಗುಂಡಿ ಇರೋದನ್ನ ನಾನು ಮುಟ್ಟೋದಿಲ್ಲ, ಯಜಮಾನ್ರೇ ಮುಟ್ಟಬೇಕು,” ಎಂದು ದೂರ ನಿಲ್ಲುತ್ತಿದ್ದ.

ಮಗ ರೈಲಿನಲ್ಲಿ ಗಾರ್ಡು. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆಯೇ ಇರುವವನು. ಹಾಗಾಗಿ ಉಗ್ರಾಣದ ಬೀಗದ ಕೈ ತಾನಾಗಿಯೇ ಸೊಸೆಯ ಕೈಗೆ ಬಂತು. ಅವಳು ಬೆಳಗಿನ ಪಾಳಿಯಲ್ಲಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು, ಮಧ್ಯಾಹ್ನ ಎರಡಕ್ಕೆಲ್ಲ ಮನೆಯಲ್ಲಿರುತ್ತಿದ್ದಳು. ಮಾತಿನ ಚಿಕಿತ್ಸೆ ಕೊಡುವ ಹುಡುಗಿಯ ಹತ್ತಿರ ಮಾವನನ್ನು ಕರೆದುಕೊಂಡು ಹೋಗುತ್ತಿದ್ದವಳೂ ಅವಳೇ.

“ಮಾತುಗಳೆಲ್ಲ ಒಳಗೇ ಇವೆ, ಕಳೆದುಹೋಗಿಲ್ಲ,” ಎಂದಿದ್ದಳು ಆ ಹುಡುಗಿ. “ಆದ್ರೆ ಬೇಕಾದ ಮಾತಿಗೆ ಕೈ ಹಾಕಿದಾಗ ಪಕ್ಕದ್ದು ಬರುತ್ತೆ. ಓದೋದೂ ಸದ್ಯಕ್ಕೆ ಆಗಲ್ಲ, ಅಕ್ಷರ ಕಾಣುತ್ತೆ, ಅರ್ಥ ಆಗಲ್ಲ. ನೀವು ನಗಬೇಡಿ, ಪ್ರತಿಯೊಂದನ್ನೂ ತಿದ್ದೋಕೂ ಹೋಗಬೇಡಿ. ಸಮಾಧಾನವಾಗಿ ಕೇಳಿಸ್ಕೊಳ್ಳಿ.”

ಸೊಸೆಗೆ ಇದು ಚೆನ್ನಾಗಿಯೇ ಅರ್ಥವಾಯಿತು. ಔಷಧಿ ಕೌಂಟರಿನಲ್ಲಿ ಕೈ ಕಪಾಟಿನ ಒಂದು ಅರೆ ಆಚೀಚೆಯಾದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅರೆಗಳನ್ನು ಸರಿಯಾಗಿ ಜೋಡಿಸಿಟ್ಟರೆ ಕೈ ತಪ್ಪುವುದಿಲ್ಲ ಎಂಬುದೂ ಗೊತ್ತಿತ್ತು. ಮಾವನ ತಲೆಯೊಳಗಿನ ಅರೆಗಳನ್ನು ತಾನು ಜೋಡಿಸಲಾರೆ, ಉಗ್ರಾಣದ ಅರೆಗಳನ್ನಾದರೂ ಜೋಡಿಸಬಹುದಲ್ಲ ಎಂದುಕೊಂಡಳು. ಎಲ್ಲ ಎಡವಟ್ಟೂ ಶುರುವಾದದ್ದು ಅಲ್ಲಿಂದ.

ಉಗ್ರಾಣ ನೋಡಿದವರಿಗೆ ತಲೆ ತಿರುಗುವಂತಿತ್ತು. ಒಟ್ಟು ನೂರ ಹದಿನಾಲ್ಕು ವೈರುಗಳು. ಕೆಲವು ಗೋಡೆಯ ಮೊಳೆಗೆ ನೇತುಬಿದ್ದಿದ್ದವು, ಕೆಲವು ಬಣ್ಣದ ಖಾಲಿ ಡಬ್ಬಿಗಳಲ್ಲಿ, ಕೆಲವು ಬೆಂಚಿನ ಕೆಳಗೆ, ಹತ್ತಾರು ಒಂದು ಹಳೇ ಸೂಟ್‌ಕೇಸಿನಲ್ಲಿ. ಮೂರು ಪಿನ್ನಿನ ಮೈಕ್ ವೈರಿನ ಪಕ್ಕದಲ್ಲಿ ಬೆರಳು ದಪ್ಪದ ಸ್ಪೀಕರ್ ವೈರು, ಅದರ ಮೇಲೆ ಗಿಟಾರಿನ ವೈರು, ಅದರ ಹೊಟ್ಟೆಯೊಳಗೆ ಕರೆಂಟಿನ ವೈರು. ಸಾಲದ್ದಕ್ಕೆ ಒಂದೊಂದಕ್ಕೂ ಏನೇನೋ ಕಟ್ಟಿತ್ತು: ನೂಲು, ಚಿಂದಿ, ಬಣ್ಣದ ಟೇಪು, ಒಂದಕ್ಕೆ ಅಂಗಿಯ ಗುಂಡಿ.

ಸೊಸೆ ಮೂರು ಭಾನುವಾರ ಟೊಂಕ ಕಟ್ಟಿ ನಿಂತಳು. ಅತ್ತೆಯ ಹೊಲಿಗೆಯ ಅಳತೆ ಟೇಪು ತಂದು ಪ್ರತಿಯೊಂದು ವೈರನ್ನೂ ಅಂಗಳದಲ್ಲಿ ಹಾಸಿ ಅಳೆದಳು. ಒದ್ದೆ ಬಟ್ಟೆಯಿಂದ ಒರೆಸಿದಳು. ಅಂಟಂಟಾದ ಟೇಪು, ಕೊಳಕು ನೂಲು, ಚಿಂದಿಗಳನ್ನೆಲ್ಲ ಕತ್ತರಿಸಿ ಒಗೆದಳು. ‘ಮೈಕ್, ಹದಿನೈದು ಅಡಿ’, ‘ಮೈಕ್, ಮೂವತ್ತು ಅಡಿ’, ‘ಸ್ಪೀಕರ್, ಐವತ್ತು ಅಡಿ’ ಎಂದು ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿ, ಗೋಡೆಗೆ ಹೊಸ ಕೊಕ್ಕೆ ಹೊಡೆಸಿ, ಜಾತಿಗೊಂದು ಸಾಲು ಮಾಡಿ ನೇತುಹಾಕಿದಳು. ಮೂರನೆಯ ಭಾನುವಾರ ಸಂಜೆ ಉಗ್ರಾಣ ಅವಳ ಔಷಧಿ ಕೌಂಟರಿನ ಹಾಗೆಯೇ ಕಂಡಿತು.

ಮಾವನನ್ನು ಕೈಹಿಡಿದು ಕರೆತಂದು ಶಟರ್ ಎತ್ತಿದಳು.

ಮಾವ ಹೊಸ್ತಿಲಲ್ಲೇ ನಿಂತರು. ಬೇರೆಯವರ ಮನೆಗೆ ತಪ್ಪಿ ಕಾಲಿಟ್ಟವರ ಹಾಗೆ ಆ ಕಡೆ ಈ ಕಡೆ ನೋಡಿದರು. ಒಳಗೆ ಬಂದು ಎಡಗೋಡೆಯ ಹತ್ತಿರ ಹೋಗಿ, ಹಿಂದೆ ಒಂದು ಮೊಳೆಯಿದ್ದ ಜಾಗಕ್ಕೆ ಕೈಚಾಚಿದರು. ಅಲ್ಲಿ ಬರಿಯ ಗೋಡೆ. ಬಗ್ಗಿ ಬೆಂಚಿನ ಕೆಳಗೆ ತಡಕಾಡಿದರು. ಅಲ್ಲೂ ಏನಿಲ್ಲ, ಗುಡಿಸಿದ ನೆಲ. ಒಂದು ಚೀಟಿಯನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿ ಬಿಟ್ಟರು.

“ಹೇಗಿದೆ ಮಾವ?” ಎಂದಳು ಸೊಸೆ.

“ಹಾಲು,” ಎಂದರು ಮಾವ. ವೈರಿಗೆ ಅವರು ಹೇಳುತ್ತಿದ್ದದ್ದು ಹಾಗೆ. “ಹಾಲು… ಹಾಲು ಎಲ್ಲಿ?”

“ಇಲ್ಲೇ ಇದೆಯಲ್ಲ ಮಾವ, ನೋಡಿ, ಎಲ್ಲಾ ಇದೆ.”

ಮಾವ ಅವಳ ಮುಖ ನೋಡಿದರು, ಗೋಡೆ ನೋಡಿದರು. ಸಿಟ್ಟೋ ದುಃಖವೋ ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಂದು ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

“ಹೊಸದಲ್ವಾ, ರೂಢಿ ಆಗುತ್ತೆ ಬಿಡಿ,” ಎಂದಳು ಸೊಸೆ ಅತ್ತೆಗೆ. ಹೇಳುವಾಗಲೇ ಎಲ್ಲೋ ಏನೋ ತಪ್ಪಿದೆ ಎಂದು ಒಳಗೊಳಗೇ ಚುಚ್ಚಿತು. ಏನು ಎಂದು ಮಾತ್ರ ಹೊಳೆಯಲಿಲ್ಲ.

ಮಾವನ ಕೈಗೆ ಮರೆವು ಬಂದಿರಲಿಲ್ಲ, ಅದೊಂದು ಸಮಾಧಾನ. ಸೊಸೆ ಬಟ್ಟೆ ಒಣಹಾಕುವ ಹಗ್ಗ ಸುತ್ತುವ ಹಾಗೆ ಅಂಗೈಗೂ ಮೊಣಕೈಗೂ ಬಿಗಿಯಾಗಿ ಸುತ್ತಿದ ಒಂದು ವೈರು ಮಾವನ ಕಣ್ಣಿಗೆ ಬಿದ್ದಿತು. ಅವರು ಅದನ್ನು ಕಸಿದು ಬಿಚ್ಚಿ ನೆಲಕ್ಕೆ ಹಾಕಿದರು. ವೈರು ಹುಳುವಿನ ಹಾಗೆ ಮುರುಟಿಕೊಂಡು ಬಿತ್ತು. ಮತ್ತೆ ಎತ್ತಿಕೊಂಡು, ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಮಣಿಕಟ್ಟು ತಿರುಗಿಸಿ ಒಳಗಿನಿಂದ, ಹೀಗೆ ಒಂದು ಬಿಟ್ಟು ಒಂದು ಸುತ್ತಿದರು. ತುದಿ ಹಿಡಿದು ಅಂಗಳಕ್ಕೆ ಎಸೆದರು. ಮೂವತ್ತು ಅಡಿ ವೈರು ಒಂದು ತಿರುಚೂ ಇಲ್ಲದೆ ನೆಟ್ಟಗೆ ಮಲಗಿತು.

ಸೊಸೆ ಅದನ್ನು ಕಲಿಯುವುದಕ್ಕೆ ಎರಡು ವಾರ ಹಿಡಿಯಿತು. ಮೇಲೆ, ಒಳಗೆ, ಮೇಲೆ, ಒಳಗೆ. ಕೈ ಮಧ್ಯದಲ್ಲಿ ದಾರಿ ತಪ್ಪಿದರೆ ಮಾವ ನಾಲಿಗೆಯಿಂದ ‘ಚ್ಚ್’ ಎನ್ನುತ್ತಿದ್ದರು. ಆ ಶಬ್ದವೊಂದು ಯಾವತ್ತೂ ಅದಲುಬದಲಾಗಲಿಲ್ಲ. ಗಿಟಾರಿನ ವೈರು, ಸ್ಪೀಕರಿನ ವೈರು ಎರಡಕ್ಕೂ ತುದಿ ಒಂದೇ ಥರ ಇದ್ದರೂ ಒಂದರ ಕೆಲಸಕ್ಕೆ ಇನ್ನೊಂದನ್ನು ಹಾಕಬಾರದೆಂದು, ಹಾಕಿದರೆ ಒಂದು ಗುಂಯ್‌ಗುಡುತ್ತದೆ, ಇನ್ನೊಂದು ಬಿಸಿಯಾಗುತ್ತದೆ ಎಂದು ಕೈಸನ್ನೆಯಲ್ಲೇ ಕಲಿಸಿದರು. ಮಿಕ್ಸರಿನ ಮುಂದೆ ಕೂರಿಸಿ ಒಂದೊಂದು ಗುಂಡಿಯ ಮೇಲೂ ಅವಳ ಬೆರಳಿಟ್ಟು ತಿರುಗಿಸಿದರು. ಎರಡು ಸಣ್ಣ ಸಭೆಗಳನ್ನು ಅವಳು, ಏಣಿಯಣ್ಣ ಇಬ್ಬರೇ ಮಾಡಿ ಬಂದರು. ಒಂದೊಂದು ಮೈಕಿನ ಕೆಲಸ. ಏನೂ ಎಡವಟ್ಟಾಗಲಿಲ್ಲ. ಸೊಸೆಗೆ ಸ್ವಲ್ಪ ಧೈರ್ಯ ಬಂತು.

ಆಗ ಹೆಣ್ಣುಮಕ್ಕಳ ಶಾಲೆಯ ಚರ್ಚಾಸ್ಪರ್ಧೆ ಬಂತು. ಹತ್ತೊಂಬತ್ತು ವರ್ಷದಿಂದ ಅಲ್ಲಿಗೆ ಮಾವನೇ ಮೈಕು ಹಾಕುತ್ತಿದ್ದದ್ದು. ಹೆಡ್‌ಮಿಸ್ಟ್ರೆಸ್ ಫೋನಿನಲ್ಲಿ, “ನೀವು ಮಾಡ್ತೀರಾ? ಸರಿ. ಮೇಜಿನ ಮೇಲೆ ಎರಡು ಮೈಕ್ ಇರಲಿ, ಎಡಕ್ಕೊಂದು ಬಲಕ್ಕೊಂದು. ಮಕ್ಕಳು ತೀರ್ಪುಗಾರರ ಕಡೆ ತಿರುಗಿ ತಿರುಗಿ ಮಾತಾಡ್ತಾರೆ. ಅವರು ಪ್ರತಿ ವರ್ಷ ಹಾಗೇ ಇಡೋರು,” ಎಂದರು.

ಸೊಸೆ ಅಂದು ಆಸ್ಪತ್ರೆಗೆ ರಜೆ ಹಾಕಿದ್ದಳು. ಬೆಳಿಗ್ಗೆ ಹೊರಡುವಾಗ ಮಾವ ಅಂಗಿ ಬದಲಿಸಿ, ತಲೆ ಬಾಚಿಕೊಂಡು, ಸಾಮಾನು ತುಂಬಿದ ವ್ಯಾನಿನ ಮುಂದಿನ ಸೀಟಿನಲ್ಲಿ ಹೋಗಿ ಕೂತಿದ್ದರು. ಯಾರೂ ಕರೆದಿರಲಿಲ್ಲ.

“ಬರಲಿ ಬಿಡಮ್ಮ, ಒಂದು ಕುರ್ಚಿ ಕೊಟ್ರೆ ಆಯ್ತು,” ಎಂದ ಏಣಿಯಣ್ಣ.

ಶಾಲೆಯ ಸಭಾಂಗಣ ಉದ್ದನೆಯದು, ಎತ್ತರದ ಕಿಟಕಿಗಳು, ಮರದ ವೇದಿಕೆ. ಸೊಸೆ ‘ಮೈಕ್, ಮೂವತ್ತು ಅಡಿ’ ಸಾಲಿನಿಂದ ತಂದ ಎರಡು ವೈರುಗಳನ್ನು ಎಳೆದಳು. ಎಡ ಮೈಕ್ ತೆರೆದು “ಹಲೋ, ಒಂದು, ಎರಡು” ಎಂದಳು. ದನಿ ಹಿಂದಿನ ಗೋಡೆಯವರೆಗೂ ಸ್ಪಷ್ಟ. ಅದನ್ನು ಮುಚ್ಚಿ ಬಲ ಮೈಕ್ ತೆರೆದಳು, ಅದೂ ಸ್ಪಷ್ಟ. ಔಷಧಿಯ ಶೀಷೆಗಳನ್ನು ಒಂದೊಂದಾಗಿ ಪರೀಕ್ಷಿಸಿದ ಹಾಗೆ ಎರಡನ್ನೂ ಪರೀಕ್ಷಿಸಿ, ಸರಿ ಎಂದು ತಲೆಯಲ್ಲೇ ಗುರುತು ಹಾಕಿಕೊಂಡಳು. ಮಾವ ಮಿಕ್ಸರಿನ ಪಕ್ಕದ ಕುರ್ಚಿಯಲ್ಲಿ ಕೂತು ಬರುವ ಹೋಗುವ ಮಕ್ಕಳನ್ನು ನೋಡುತ್ತಿದ್ದರು.

ಹನ್ನೊಂದಕ್ಕೆ ಮೊದಲ ಹುಡುಗಿ ಮೇಜಿನ ಮುಂದೆ ಬಂದು ನಿಂತಳು. ಸೊಸೆ ಎರಡೂ ಮೈಕ್ ತೆರೆದಳು.

“ಮಾನ್ಯ ತೀರ್ಪುಗಾರರೇ” ಎಂದಳು ಹುಡುಗಿ. ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಬಂತು. ತೆಳ್ಳಗೆ, ದೂರದಿಂದ, ಹೊಟ್ಟೆಯಿಲ್ಲದ ದನಿ. ಹುಡುಗಿ ತೀರ್ಪುಗಾರರು ಕೂತಿದ್ದ ಎಡಕ್ಕೆ ತಿರುಗಿದಳು; ದನಿ ತುಂಬಿ ಬಂತು. ಮತ್ತೆ ನೇರ ನಿಂತಳು, ಮಾಯ.

ಸೊಸೆ ಕಕ್ಕಾಬಿಕ್ಕಿಯಾದಳು. ಈಗಷ್ಟೇ ಎರಡೂ ಸರಿಯಿತ್ತಲ್ಲ. ಹಿಂದಿನ ಸಾಲಿನವರು ಕಿವಿಗೆ ಕೈಯಿಟ್ಟು ಸನ್ನೆ ಮಾಡಿದರು. ಅವಳು ಎರಡರ ಸದ್ದನ್ನೂ ಏರಿಸಿದಳು. ತಗಡು ಇನ್ನಷ್ಟು ತಗಡಾಯಿತು, ಹುಡುಗಿ ಬಲಕ್ಕೆ ತಿರುಗಿದ ಕೂಡಲೇ ಸ್ಪೀಕರುಗಳು ‘ಕೀಂ’ ಎಂದು ಕಿರುಚಿದವು. ಗಾಬರಿಯಲ್ಲಿ ಇಳಿಸಿದಳು. ಹೆಡ್‌ಮಿಸ್ಟ್ರೆಸ್ ಮೊದಲ ಸಾಲಿನಿಂದ ತಿರುಗಿ ನೋಡಿದರು.

“ವೈರು ಕಿತ್ತಿರಬೇಕು,” ಎಂದು ಏಣಿಯಣ್ಣ ಪಿಸುಗುಟ್ಟಿದ.

“ಕಿತ್ತಿದ್ರೆ ಬರ್ಲೇಬಾರ್ದಲ್ಲ. ತಿರುಗಿದ್ರೆ ಬರುತ್ತೆ, ನಿಂತ್ರೆ ಹೋಗುತ್ತೆ.”

“ಹಂಗಾದ್ರೆ ಹುಡುಗಿದೇ ಏನೋ ತೊಂದರೆ.”

ಎರಡನೆಯ ಹುಡುಗಿ ಬಂದಳು. ಅವಳದೂ ಅದೇ ಕಥೆ. ಸೊಸೆ ಮಿಕ್ಸರಿನ ಹಿಂದಿನ ತುದಿಗಳನ್ನು ಅದುಮಿ ನೋಡಿದಳು, ಸ್ಪೀಕರಿನ ವೈರು ಮುಟ್ಟಿ ನೋಡಿದಳು, ಬೇಕಿಲ್ಲದ ಗುಂಡಿಗಳನ್ನೂ ತಿರುಗಿಸಿದಳು. ಸದ್ದು ಸಾಲದು ಎಂದಾಗ ಇನ್ನಷ್ಟು ಏರಿಸುವುದು ಹೊಳೆಯುತ್ತದೆಯೇ ಹೊರತು ಒಂದು ಮೈಕನ್ನೇ ಮುಚ್ಚುವ ಯೋಚನೆ ಯಾರಿಗೆ ತಾನೇ ಬರುತ್ತದೆ?

ಅಷ್ಟರಲ್ಲಿ ಮಾವ ಅವಳ ತೋಳು ಹಿಡಿದರು.

“ಕನ್ನಡಿ,” ಎಂದರು.

“ಒಂದು ನಿಮಿಷ ಮಾವ.”

“ಕನ್ನಡಿ. ಕನ್ನಡಿ ಅದು.”

“ಆಮೇಲೆ ಕೊಡ್ತೀನಿ ಮಾವ, ಸ್ವಲ್ಪ ಇರಿ.”

ಮಾವ ಬಿಡಲಿಲ್ಲ. ಎರಡು ಸಾಲು ಮುಂದಿದ್ದವರು ತಿರುಗುವಷ್ಟು ಗಟ್ಟಿಯಾಗಿ ಮತ್ತೆ “ಕನ್ನಡಿ” ಎಂದರು. ತಿದ್ದಬೇಡಿ, ಸಮಾಧಾನವಾಗಿ ಕೇಳಿಸಿಕೊಳ್ಳಿ ಎಂದಿದ್ದಳಲ್ಲ ಚಿಕಿತ್ಸೆಯ ಹುಡುಗಿ. ಸೊಸೆಗೆ ಬೇರೇನೂ ತೋಚದೆ ಕೈಚೀಲ ತಡಕಿ ತನ್ನ ಪುಟ್ಟ ಕನ್ನಡಿ ತೆಗೆದು ಮಾವನ ಕೈಗಿಟ್ಟಳು.

ಮಾವ ಅದನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಅಂಥ ನೋಟವನ್ನು ಅವಳು ಆ ಮನೆಗೆ ಬಂದ ಮೇಲೆ ಒಮ್ಮೆಯೂ ಕಂಡಿರಲಿಲ್ಲ. ಬಾವಿಯ ತಳದಿಂದ ಕೂಗುತ್ತಿರುವವನಿಗೆ ಮೇಲಿನವರು ಕೈಬೀಸಿ ಟಾಟಾ ಹೇಳಿದರೆ ಹೇಗೆ ನೋಡಿಯಾನು, ಹಾಗೆ. ಕನ್ನಡಿಯನ್ನು ಅವಳ ಮುಖದ ಎದುರು ಹಿಡಿದು, ತಮ್ಮ ಬಲಗೈ ಎತ್ತಿ ತೋರಿಸಿ, ಕನ್ನಡಿಯೊಳಗಿನ ಕೈ ತೋರಿಸಿ, ಮತ್ತೆ ಈ ಕೈ, ಮತ್ತೆ ಆ ಕೈ ಎಂದು ಬೆರಳಾಡಿಸಿದರು. ಸೊಸೆ ಬೆಪ್ಪಾಗಿ ಕಣ್ಣು ಕಣ್ಣು ಬಿಟ್ಟಳು. ಮಾವನಿಗೆ ಮತ್ತೊಂದು ಸಲ ಲಕ್ವ ಬಡಿಯಿತೇ ಎಂದು ಅವರ ಬಾಯಿ ಸೊಟ್ಟಗಾಗಿದೆಯೇ ನೋಡಿದಳು.

ಮಾವ ಕನ್ನಡಿಯನ್ನು ಮಿಕ್ಸರಿನ ಮೇಲೆ ಬೋರಲು ಹಾಕಿ ಎದ್ದರು.

“ಮಾವ, ಎಲ್ಲಿಗೆ? ಕೂತ್ಕೊಳ್ಳಿ.”

ಅವರು ಬಲಗಾಲೆಳೆಯುತ್ತಾ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದರು. ಏಣಿಯಣ್ಣ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ, ಹಿಡಿಯುವುದೋ ಬಿಡುವುದೋ ತಿಳಿಯದೆ ನಿಂತ. ವೇದಿಕೆಗೆ ಮೂರು ಮೆಟ್ಟಿಲು. ಮಾವ ಒಂದೊಂದನ್ನೂ ಕೈಯೂರಿ ಹತ್ತಿದರು. ಮಾತಾಡುತ್ತಿದ್ದ ಹುಡುಗಿ ಬಾಯಿ ತೆರೆದುಕೊಂಡೇ ನಿಂತಳು. ಸಭೆಯಲ್ಲಿ ಗುಜುಗುಜು ಎದ್ದಿತು. ಹೆಡ್‌ಮಿಸ್ಟ್ರೆಸ್ ಕುರ್ಚಿಯಿಂದ ಅರ್ಧ ಎದ್ದರು. ಸೊಸೆಗೆ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು.

ಮಾವ ಯಾರನ್ನೂ ನೋಡಲಿಲ್ಲ. ಬಗ್ಗಿ, ಬಲ ಮೈಕಿನ ಬುಡದ ಚಿಕ್ಕ ಗುಂಡಿ ಒತ್ತಿ, ವೈರನ್ನು ಎಳೆದು ಕಿತ್ತು ಕೈಯಲ್ಲಿ ಹಿಡಿದರು. ಹುಡುಗಿಗೆ ಮಾತಾಡು ಎಂಬಂತೆ ಕೈಮಾಡಿ, “ಉಪ್ಪು,” ಎಂದರು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ನಗು ಸಭಾಂಗಣದ ಮೂಲೆ ಮೂಲೆಗೂ ತುಂಬಿಕೊಂಡು ಕೇಳಿಸಿತು. ಆಮೇಲೆ ಅವಳು “ಹಾಗಾಗಿ ಸಭಿಕರೇ” ಎಂದಳು. ನೇರ ನಿಂತೇ ಹೇಳಿದ್ದಳು. ದನಿ ಗಂಟೆ ಹೊಡೆದ ಹಾಗಿತ್ತು.

ಎರಡು ಮೈಕ್ ಇದ್ದಾಗ ಇಲ್ಲದ ದನಿ ಒಂದನ್ನು ಕಿತ್ತ ಮೇಲೆ ಬಂದಿತ್ತು. ಏಣಿಯಣ್ಣ ಸೊಸೆಯ ಮುಖ ನೋಡಿದ, ಸೊಸೆ ಏಣಿಯಣ್ಣನ ಮುಖ ನೋಡಿದಳು. ಇಬ್ಬರಿಗೂ ತಲೆಬುಡ ತಿಳಿಯಲಿಲ್ಲ.

ಚಹಾ ವಿರಾಮದಲ್ಲಿ ಅವಳು ಸಭಾಂಗಣದ ಹೊರಗಿನ ನಲ್ಲಿಯ ಹತ್ತಿರ ನಿಂತು ಅತ್ತೆಗೆ ಫೋನು ಮಾಡಿದಳು. ಮಾವ ವೇದಿಕೆ ಹತ್ತಿದ್ದು, ವೈರು ಕಿತ್ತಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಅದಕ್ಕೆ ಮುಂಚೆ ಬಿಡದೆ ಕನ್ನಡಿ ಕನ್ನಡಿ ಅಂತಿದ್ರು ಅತ್ತೆ. ನಂಗೆ ಭಯ ಆಗ್ತಿದೆ, ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ್ವಾ?”

“ಕನ್ನಡಿ ಅಂದ್ರಾ?” ಎಂದರು ಅತ್ತೆ.

“ಹೂಂ.”

“ಕನ್ನಡಿ ಅಂದ್ರೆ ವೈರು ಕಣೇ. ಒಂದೇ ಒಂದಿತ್ತು. ಒಳಗಡೆ ಎರಡು ಎಳೆ ಇರ್ತಾವಂತೆ, ಅದನ್ನ ಒಂದು ತುದೀಲಿ ಬೇಕಂತಲೇ ಅದಲುಬದಲು ಬೆಸುಗೆ ಹಾಕಿದ್ರು. ಡ್ರಮ್ಮಿನ ಎರಡು ಮುಖಕ್ಕೆ ಎದುರುಬದುರು ಮೈಕ್ ಇಟ್ಟಾಗ ಬೇಕಾಗುತ್ತಂತೆ. ಎಡ ಬಲ ತಿರುಗಿಸುತ್ತಲ್ಲ, ಅದಕ್ಕೇ ಕನ್ನಡಿ ಅಂತ ಹೆಸರಿಟ್ಟಿದ್ರು. ಬೇರೆ ಮೈಕಿನ ಜೊತೆ ಅದು ಸೇರಿದ್ರೆ ಒಂದು ತಳ್ಳಿದ್ದನ್ನ ಇನ್ನೊಂದು ಎಳೆದು ದನೀನೇ ತಿಂದುಹಾಕುತ್ತೆ ಅಂತ, ಅದು ಬೇರೆದರ ಜೊತೆ ಬೆರೀಬಾರ್ದು ಅಂತ ನೀಲಿ ನೂಲು ನಾನೇ ಸುತ್ತಿ ಕೊಟ್ಟಿದ್ದೆ.” ಮತ್ತೆ ಅವರೇ ಕೇಳಿದರು: “ನೂಲು ಇರ್ಲಿಲ್ವಾ?”

ಸೊಸೆ ನಲ್ಲಿಯ ಕಟ್ಟೆಯ ಮೇಲೆ ಕೂತಳು. ನೀಲಿ ನೂಲು ಅವಳಿಗೆ ನೆನಪಿತ್ತು. ಕತ್ತರಿಯ ತುದಿಯಿಂದ ಬಿಡಿಸಿ, ಚಿಂದಿಯ ಬುಟ್ಟಿಗೆ ಹಾಕಿದ್ದೂ ನೆನಪಿತ್ತು. ಆವತ್ತು ಅಂಗಿಯ ಗುಂಡಿಯನ್ನು ಕತ್ತರಿಸುವಾಗ, ಎಂಥ ಮಗುವಿನ ಬುದ್ಧಿ ಈ ಮಾವನದು ಎಂದು ನಕ್ಕಿದ್ದಳು.

ಒಳಗೆ ಬಂದಾಗ ಮಾವ ಕಿತ್ತ ವೈರನ್ನು ಸುತ್ತುತ್ತಿದ್ದರು, ಮೇಲೆ ಒಂದು, ಒಳಗೆ ಒಂದು. ಅವಳು ಪಕ್ಕದಲ್ಲಿ ಮಂಡಿಯೂರಿ, “ಕನ್ನಡಿ,” ಎಂದಳು. ಮಾವ ತಲೆಯೆತ್ತಿದರು.

“ಇದು ಕನ್ನಡಿ. ತಪ್ಪಾಯ್ತು ಮಾವ. ನಂಗೆ ಗೊತ್ತಾಗ್ಲಿಲ್ಲ.”

ಮಾವ ಏನೋ ಹೇಳಲು ಹೋದರು, ಬಾಯಿಗೆ ಏನೂ ಬರಲಿಲ್ಲ, ಅಥವಾ ಬಂದದ್ದನ್ನು ಬೇಡವೆಂದು ನುಂಗಿಕೊಂಡರು. ಜೇಬಿನ ಕರವಸ್ತ್ರ ತೆಗೆದು, ಹಲ್ಲಿನಿಂದ ಅಂಚು ಹರಿದು, ಆ ಪಟ್ಟಿಯನ್ನು ವೈರಿನ ತುದಿಗೆ ಗಂಟು ಹಾಕಿದರು. ಸೊಸೆ ಇನ್ನೊಂದು ವೈರು ತಂದು ಜೋಡಿಸಿದಳು. ಈ ಸಲ ಎರಡೂ ಮೈಕ್ ತೆರೆದೇ ಪರೀಕ್ಷಿಸಿದಳು. ವಿರಾಮದ ನಂತರ ಆರು ಹುಡುಗಿಯರು ಎಡಕ್ಕೂ ಬಲಕ್ಕೂ ನೇರಕ್ಕೂ ನಿಂತು ಮನಸ್ಸು ಬಿಚ್ಚಿ ಜಗಳವಾಡಿದರು. ಹೊರಡುವಾಗ ಹೆಡ್‌ಮಿಸ್ಟ್ರೆಸ್ ಮಾವನ ಹತ್ತಿರ ಬಂದು, “ಮುಂದಿನ ವರ್ಷವೂ ನೀವೇ ಬರಬೇಕು,” ಎಂದರು. ಮಾವ ಗಂಭೀರವಾಗಿ “ಸೈಕಲ್” ಎಂದರು. ಹೆಡ್‌ಮಿಸ್ಟ್ರೆಸ್ ಅಷ್ಟೇ ಗಂಭೀರವಾಗಿ ತಲೆಯಾಡಿಸಿದರು.

ಇಷ್ಟಾದ ಮೇಲೆ ಸೊಸೆಯ ಗೊಂದಲ ಕಡಿಮೆಯಾಗಬೇಕಿತ್ತು. ಇಮ್ಮಡಿಯಾಯಿತು. ಅಲ್ಲಿಯವರೆಗೆ ಮಾವನ ಮಾತೆಲ್ಲ ತಪ್ಪು ಎಂದುಕೊಂಡು ನೆಮ್ಮದಿಯಾಗಿದ್ದಳು. ಈಗ ಯಾವುದು ತಪ್ಪು, ಯಾವುದು ಸರಿ? ಈ ನಾಲ್ಕು ತಿಂಗಳಲ್ಲಿ ಇನ್ನೆಷ್ಟು ಸಲ ಸರಿಯಾದ ಮಾತಿಗೆ ಕನ್ನಡಿ ಕೊಟ್ಟು ಕೂರಿಸಿದ್ದಳೋ? ಕೌಂಟರಿನಲ್ಲಿ ಮಾತ್ರೆ ಎಣಿಸುವಾಗಲೂ ಅದೇ ಯೋಚನೆ. ಒಂದು ದಿನ ಮಾವ “ನವಿಲು” ಎಂದರು. ಅದು ಯಾವುದೋ ವೈರಿನ ಹೆಸರೇ ಇರಬೇಕೆಂದು ಮಧ್ಯಾಹ್ನವೆಲ್ಲ ಉಗ್ರಾಣ ಜಾಲಾಡಿದಳು. ಹಸಿರು ಬಣ್ಣದ್ದು, ಉದ್ದ ಬಾಲದ್ದು, ಗರಿಯ ಹಾಗೆ ಕವಲೊಡೆದದ್ದು, ಒಂದೊಂದನ್ನೇ ತಂದು ಮುಂದೆ ಹಿಡಿದಳು. ಮಾವ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿ, ಕೊನೆಗೆ ತಾವೇ ಎದ್ದು ಹೋಗಿ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದರು. ಅಂದಿಗೆ ‘ಚಪ್ಪಲಿ’ ‘ನವಿಲು’ ಆಗಿತ್ತು, ಅಷ್ಟೇ.

“ನಿನ್ನ ನಂಬಿದ್ರೆ ಗಂಟಲು ಒಣಗಿ ಸಾಯಬೇಕು,” ಎಂದು ಅತ್ತೆ ನಕ್ಕರು.

ಒಂದು ಭಾನುವಾರ ಅವಳು ಉಗ್ರಾಣದ ಕೊಕ್ಕೆಗಳಿಂದ ಎಲ್ಲ ವೈರುಗಳನ್ನೂ ಇಳಿಸಿ ನೆಲಕ್ಕೆ ಹಾಕಿ, “ನೀವೇ ಜೋಡಿಸಿ ಮಾವ,” ಎಂದು ಸ್ಟೂಲು ಎಳೆದು ಕೂತಳು. ಗಂಡನೂ ಅಂದು ರಜೆಯಲ್ಲಿದ್ದ, ಅತ್ತೆಯೂ ಬಂದು ಹೊಸ್ತಿಲಲ್ಲಿ ಕೂತರು. ಮಾವ ರಾಶಿಯ ನಡುವೆ ಕೂತು ಒಂದೊಂದನ್ನೂ ಕೈಯಲ್ಲಿ ತೂಗಿ, ತುದಿ ಮುಟ್ಟಿ, ಬಗ್ಗಿಸಿ ನೋಡಿ ಎತ್ತಿಡತೊಡಗಿದರು. ಆಗ ಅವಳ ಕಣ್ಣಿಗೆ ನಿಧಾನವಾಗಿ ಕಂಡಿತು. ಅವರು ಜಾತಿಗೊಂದು ಸಾಲು ಮಾಡುತ್ತಿರಲಿಲ್ಲ. ಒಂದು ಕೆಲಸಕ್ಕೆ ಬೇಕಾದ್ದನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತಿದ್ದರು. ಶೋಕಸಭೆಗೆ ಹೋಗುವುದೆಲ್ಲ ಒಂದು ಡಬ್ಬಿಗೆ. ಮದುವೆಗೆ ಹೋಗುವುದೆಲ್ಲ ಸೂಟ್‌ಕೇಸಿಗೆ. ಅವಳು ಬರೆದ ಚೀಟಿಗಳನ್ನು ಮಾತ್ರ ಒಂದನ್ನೂ ಕೀಳಲಿಲ್ಲ. ಯಾಕೆ ಎಂದು ಅವಳಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಏಣಿಯಣ್ಣ ಮಾತ್ರ ಚೀಟಿ ಓದಿಕೊಂಡು ಜೀವನದಲ್ಲಿ ಮೊದಲ ಸಲ ಸರಿಯಾದ ವೈರು ತಂದುಕೊಡತೊಡಗಿದ.

ಸಂಜೆಯ ಹೊತ್ತಿಗೆ ನೆಲದ ಮೇಲೆ ಒಂದೇ ಒಂದು ವೈರು ಉಳಿದಿತ್ತು. ಗಿಡ್ಡನೆಯದು, ಬೂದು ಬಣ್ಣದ್ದು. ಒಂದು ತುದಿಯಲ್ಲಿ ಐದು ಪಿನ್ನು, ಇನ್ನೊಂದು ತುದಿಯಲ್ಲಿ ಚಪ್ಪಟೆಯಾದ ಏನೋ ಒಂದು. ಅಂಥ ತೂತಿರುವ ಯಾವ ಪೆಟ್ಟಿಗೆಯೂ ಉಗ್ರಾಣದಲ್ಲಿರಲಿಲ್ಲ.

“ಇದು ಯಾವುದಕ್ಕೆ ಮಾವ?” ಎಂದಳು ಸೊಸೆ.

ಮಾವ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಈ ತುದಿ ನೋಡಿದರು, ಆ ತುದಿ ನೋಡಿದರು. ಬಹಳ ಹೊತ್ತು ಯೋಚಿಸಿದರು.

“ಗೊತ್ತಿಲ್ಲ,” ಎಂದರು.

ಸೊಸೆ ಗಂಡನ ಮುಖ ನೋಡಿದಳು. ಗಂಡ ತನ್ನ ತಾಯಿಯ ಮುಖ ನೋಡಿದ. ಅದು ಸರಿಯಾದ ಮಾತೋ, ಬೇರೆ ಯಾವುದರದೋ ಹೆಸರೋ ಎಂದು ಮೂವರಿಗೂ ಬಗೆಹರಿಯಲಿಲ್ಲ. ಅತ್ತೆ ಫೋನಿನ ಮೇಜಿನಿಂದ ಪೆನ್ನು ತಂದು ಸೊಸೆಯ ಕೈಗಿತ್ತರು. ಅವಳು ಒಂದು ಹೊಸ ಚೀಟಿ ಹರಿದುಕೊಂಡು, ಅದರ ಮೇಲೆ ಏನು ಬರೆಯುವುದೆಂದು ಕೂತಳು.